ಏಳು ನಿಮಿಷದ ಗಂಟೆ

ಎನ್ಡೋಲಾ,
ಸೋಮವಾರ

ಮಗಳೇ ಗೋಸಾ,

ಮೊನ್ನೆ ಗುರುವಾರದ ಸಭೆಯಲ್ಲಿ ನಾನು ಎಷ್ಟು ಹೊತ್ತು ಮಾತಾಡಿದೆನೆಂದು ನೀನು ಹೇಳಲಿಲ್ಲ. ಮನೆಗೆ ಬರುವಾಗ, ಸಭೆಗೆ ಬಂದಿದ್ದ ಪಕ್ಕದ ಮನೆಯ ಬ್ವಾಲ್ಯಾಳನ್ನು ಕೇಳಿದೆ. "ಹತ್ತೊಂಬತ್ತು ನಿಮಿಷ ಆಯ್ತು ಅಜ್ಜಿ. ಒಂದೇ ಕಥೆನ ಎರಡು ಸಲ ಹೇಳಿದ್ರಿ," ಅಂದಳು. ಏಳು ನಿಮಿಷಕ್ಕೆ ಗಂಟೆ ಬಾರಿಸುವುದು ನಮ್ಮ ಭಾಷಣ ಸಂಘದ ನಿಯಮ. ಅಧ್ಯಕ್ಷೆಯಾದ ನೀನು ಬಾರಿಸಲಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ಈ ಸಂಘಕ್ಕೆ ಸೇರಿದ ಮೊದಲ ಹೆಂಗಸು ನಾನು. ಆಗ ನನಗೆ ಮೂರೇ ನಿಮಿಷಕ್ಕೆ ಬಾರಿಸುತ್ತಿದ್ದರು. "ಒಲೆ ಮೇಲಿನ ಎನ್ಶಿಮಾ ಮುದ್ದೆ ಸೀದೋಗುತ್ತೆ, ಮನೆಗೆ ಹೋಗಮ್ಮ," ಎನ್ನುತ್ತಿದ್ದರು. ಗಂಡಸರಂತೆಯೇ ಏಳು ನಿಮಿಷ ಪಡೆಯಲು ನಾಲ್ಕು ವರ್ಷ ಜಗಳವಾಡಿದೆ. ಎಂಟನೆಯ ನಿಮಿಷವನ್ನು ಮಾತ್ರ ಇಷ್ಟು ವರ್ಷಗಳಲ್ಲಿ ಎಂದೂ ಕೇಳಲಿಲ್ಲ.

ಮರೆವಿಗೆ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ವಾಸಿಯಾಗುವ ಕಾಯಿಲೆಯಲ್ಲ ಎಂದೂ ಹೇಳಿದ್ದಾರೆ. ಆದರೂ ಬರುವ ಗುರುವಾರದ ಪಟ್ಟಿಯಲ್ಲಿ ನನ್ನ ಹೆಸರಿರಲಿ. ಏಳು ನಿಮಿಷಕ್ಕೆ ಸರಿಯಾಗಿ ಗಂಟೆ ಬಾರಿಸು. ನಾನು ರೇಗಬಹುದು, "ಯಾರೇ ನೀನು?" ಎಂದು ಎಲ್ಲರೆದುರು ನಿನ್ನನ್ನೇ ಕೇಳಬಹುದು. ಆಗ ಇನ್ನೊಮ್ಮೆ ಬಾರಿಸಿ, ನನ್ನ ಕೈ ಹಿಡಿದು ಕುರ್ಚಿಯವರೆಗೆ ಕರೆದುಕೊಂಡು ಹೋಗು.

ನಿನ್ನ ಅಮ್ಮ,
ಎಸ್ನಾರ್ಟ್ ಮ್ವಾಬಾ