ಗೋಡೆ ಬುಡದ ಪೈಪು

ಜೂನ್ 4
ಮಳೆ ನೀರು ಮತ್ತೆ ಕೋಣೆಯೊಳಗೆ ಬಂತು. ಬಟ್ಟೆಯ ಥಾನುಗಳನ್ನೆಲ್ಲ ಮೇಜಿನ ಮೇಲೆ ಏರಿಸಿದೆ. ಒರೆಸಿ, ಹಿಂಡಿ, ಮತ್ತೆ ಒರೆಸಿ… ಪರದೆ ಹೊಲಿಯುವವಳು ಅಂತ ಹೆಸರು, ಮಾಡುವುದು ನೆಲ ಒರೆಸುವ ಕೆಲಸ. ಮನೆ ಪಾಲಾದಾಗ ಮೇಲಿನದು ಇವರ ಅಣ್ಣನಿಗೆ, ಬೇಸ್‌ಮೆಂಟು ನಮಗೆ. ಅದರಲ್ಲಿ ಒಂದು ಕೋಣೆ ನನ್ನ ಹೊಲಿಗೆಗೆ. ನನ್ನದು ಅಂತ ಇರುವುದು ಅದೊಂದೇ.

ಇವರು ಇನ್ನೊಂದು ಡಬ್ಬ ವಾಟರ್‌ಪ್ರೂಫ್ ಪೇಂಟ್ ತಂದಿದ್ದಾರೆ. ನೀರು ಹೊರಗಿನಿಂದ, ಬಣ್ಣ ಒಳಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಜೂನ್ 9, ಸಂಜೆ
ಮಳೆಯಲ್ಲೇ ಕೊಡೆ ಹಿಡಿದು ಹೊರಗೆ ನಿಂತು ನೋಡಿದೆ. ಅನುಮಾನವೇ ಇಲ್ಲ. ತಾರಸಿಯ ನೀರೆಲ್ಲ ಇಳಿಯುವ ಪೈಪಿನ ಬಾಯಿ ಸರಿಯಾಗಿ ನಮ್ಮ ಗೋಡೆಯ ಬುಡಕ್ಕೇ. ಮಣ್ಣೂ ಗೋಡೆ ಕಡೆಗೇ ಇಳಿಜಾರು. ಅಲ್ಲಿ ನಿಂತ ನೀರು ಪಾಯಕ್ಕೆ ಇಳಿಯದೆ ಇನ್ನೆಲ್ಲಿಗೆ ಹೋದೀತು?

ಒಳಗೆ ಬಂದು ಹೇಳಿದೆ. "ಪೈಪು ಚರಂಡಿವರೆಗೆ ಉದ್ದ ಮಾಡಿದ್ರೆ ಸಾಕು. ನಿಮ್ಮಣ್ಣಂಗೆ ಒಂದು ಮಾತು ಹೇಳಿ."

"ಅದು ಅತ್ತಿಗೆ ಹೂವಿನ ಪಾತಿ ಮೇಲೆ ಹೋಗತ್ತಲ್ಲ. ಅಣ್ಣ ಏನಂದ್ಕೋತಾನೋ."

"ಕೇಳಿದ್ರೆ ತಾನೆ ಗೊತ್ತಾಗೋದು?"

"ನೋಡೋಣ."

ಇವರ ನೋಡೋಣಕ್ಕೆ ನಮ್ಮ ಮದುವೆಯಷ್ಟೇ ವಯಸ್ಸು.

ಜೂನ್ 15
ನಾನೇ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಿಂದ ಪೈಪು, ಎಲ್ಬೋ, ಅಂಟು. ಗೋಡೆ ಬುಡಕ್ಕೆ ಮಣ್ಣು ಹಾಕಿ, ತುಳಿದು, ನೀರು ಆಚೆ ಹರಿಯುವ ಹಾಗೆ ವಾಟ ಕೊಟ್ಟೆ. ಓರಗಿತ್ತಿ ಬಾಲ್ಕನಿಯಿಂದ ಬಗ್ಗಿ, "ಏನಮ್ಮ, ಪ್ಲಂಬರ್ ಕೆಲಸಾನೂ ಶುರು ಮಾಡ್ದ್ಯಾ?" ಎಂದಳು. ನಕ್ಕೆ. ಸೊಂಟ ಬಿದ್ದುಹೋಗಿದೆ. ಆದರೆ ಖುಷಿಯಾಗಿದೆ, ಸುಳ್ಳೇಕೆ ಹೇಳಲಿ.

ಜೂನ್ 22
ನಿನ್ನೆಯಿಂದ ಬಿಡದೆ ಮಳೆ. ಆದರೂ ಕೋಣೆಯ ನೆಲ ಒಣಗಿಯೇ ಇದೆ. ಬರಿಗಾಲಲ್ಲಿ ಸುಮ್ಮನೆ ಓಡಾಡಿದೆ. ಹೋಟೆಲಿನವರ ಪರದೆ ಆರ್ಡರ್ ಒಪ್ಪಿಕೊಂಡೆ— ಇಷ್ಟು ದೊಡ್ಡದು ಹಿಂದೆಂದೂ ಬಂದಿರಲಿಲ್ಲ. ಹೊಲಿದದ್ದನ್ನು ಧೈರ್ಯವಾಗಿ ನೆಲದ ಮೇಲೇ ಪೇರಿಸುತ್ತಿದ್ದೇನೆ.

ಜುಲೈ 11
ಅಕ್ಕನ ಮನೆಯಿಂದ ಬಂದೆ. ಎರಡೇ ದಿನ ಹೋಗಿದ್ದು. ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಪಾದ ಮುಳುಗುವಷ್ಟು ನೀರು. ಪರದೆಗಳು… ಅಂಚಿನ ಕೆಂಪು ಬಿಳಿಗೆಲ್ಲ ಹತ್ತಿದೆ. ಒಂದೂ ಉಳಿದಿಲ್ಲ.

ಹೊರಗೆ ಓಡಿದೆ. ನಾನು ಹಾಕಿದ ಪೈಪು ಇಲ್ಲ. ಯಾರೋ ಕೊಯ್ದಿದ್ದಾರೆ. ನೀರು ಮತ್ತೆ ಗೋಡೆ ಬುಡಕ್ಕೆ. ಕೊಯ್ದ ತುಂಡು ಕಾಂಪೌಂಡಿಗೆ ನೀಟಾಗಿ ಒರಗಿಸಿದೆ.

"ಯಾರು ತೆಗೆದ್ರೋ, ನಂಗೇನ್ ಗೊತ್ತು" ಎಂದರು ಇವರು. ಭಾವನದೇ ಕೆಲಸ ಅಂತ ಬಾಯಿಗೆ ಬಂದಂತೆ ಬೈದೆ. ಇವರು ಬಕೆಟ್ಟಿನಲ್ಲಿ ನೀರು ಮೊಗೆಯುತ್ತಲೇ ಇದ್ದರು.

ಜುಲೈ 12
ಹೋಟೆಲಿನವರು ಆರ್ಡರ್ ವಾಪಸ್ ತೆಗೆದುಕೊಂಡರು. ಜಗಳಕ್ಕೆ ಕಾಲು ಕೆರೆದುಕೊಂಡೇ ಮೇಲಕ್ಕೆ ಹೋದೆ. ಭಾವ ಪೇಪರ್ ಮಡಿಸಿಟ್ಟರು.

"ನಾನ್ಯಾಕಮ್ಮ ತೆಗೀಲಿ? ಒಳ್ಳೇ ಕೆಲಸ ಮಾಡಿದಾಳೆ ಅಂತ ಇವಳ ಹತ್ರ ಹೇಳಿದ್ದೆ ಕೂಡ. ನಿನ್ನ ಗಂಡನೇ ಬಂದ. ‘ಪಾತಿ ಹಾಳಾಗತ್ತೆ, ತೆಗೆದ್ಬಿಡ್ತೀನಿ ಅಣ್ಣ’ ಅಂದ. ಬೇಡ್ವೋ ಅಂದೆ, ಕೇಳ್ಲಿಲ್ಲ."

"ಪಾತಿ ಆ ಕಡೆ ಹಾಕ್ಕೊಂಡ್ರಾಯ್ತು ಅಂದೆ ನಾನೂ" ಎಂದಳು ಓರಗಿತ್ತಿ.

ಮೆಟ್ಟಿಲಿಳಿದು ಬಂದೆ. ಇವರನ್ನು ಕೇಳಿದೆ.

"ಅಣ್ಣ ಬಾಯ್ಬಿಟ್ಟು ಹೇಳಲ್ಲ ಕಣೆ. ಮನಸ್ಸಲ್ಲಿ ಇಟ್ಕೋತಾನೆ. ನಾವೇ ಅರ್ಥ ಮಾಡ್ಕೋಬೇಕು."

ಅಣ್ಣನ ಮನಸ್ಸಿನಲ್ಲಿ ಇಲ್ಲದ್ದೂ ಇವರಿಗೆ ಅರ್ಥವಾಗುತ್ತದೆ. ನಾನು ಬಾಯಿಬಿಟ್ಟು ಹೇಳಿದ್ದು ಮಾತ್ರ ಅರ್ಥವಾಗುವುದಿಲ್ಲ. ಮುಖ ನೋಡಿದರೆ ಅಸಹ್ಯವಾಗುತ್ತಿದೆ. ಬರೆದುಬಿಟ್ಟೆ. ಇರಲಿ.

ಜುಲೈ 30
ಬಾಡಿಗೆ ಕೋಣೆ ಸಿಕ್ಕಿತು. ಬೇಕರಿಯ ಮೇಲೆ, ಎರಡನೇ ಮಹಡಿ. ವಿಪರೀತ ಸೆಕೆ. ಗಾಡಿಯವನು ಮಷಿನ್ ಒಯ್ಯಲು ಬಂದಿದ್ದಾನೆ. ಇವರು ಬಾಗಿಲಲ್ಲಿ ನಿಂತು ಕೇಳಿದರು.

"ಕೆಲಸಕ್ಕೆ ಮಾತ್ರ ತಾನೆ ಅಲ್ಲಿಗೆ? ಸಂಜೆ ಬರ್ತೀಯಲ್ಲ?"

"ನಿಮ್ಮಣ್ಣನ್ನ ಅರ್ಥ ಮಾಡ್ಕೋತೀರಲ್ಲ, ಹಾಗೇ ಇದನ್ನೂ ಮಾಡ್ಕೊಳ್ಳಿ" ಎಂದೆ.

ಇನ್ನೂ ನಿಂತೇ ಇದ್ದಾರೆ. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮಷಿನ್ ಪಕ್ಕ ನನ್ನ ಹಾಸಿಗೆ ಸುತ್ತಿಟ್ಟದ್ದು ಈಗ ಇವರ ಕಣ್ಣಿಗೆ ಬಿತ್ತು ಅಂತ ಕಾಣುತ್ತದೆ—