ಆಪರೇಟರ್ ಕೋಣೆಯ ಬೀಗ

ಥಿಯೇಟರ್ ಮಾಲೀಕರಿಗೆ ನಮಸ್ಕಾರ.

ಆಟದ ನಡುವೆ ಎದ್ದು ಬರಬಾರದೆಂದು ನೀವು ಪಿಕ್ಚರ್ ಓಡಿಸುವ ಆಪರೇಟರಣ್ಣನ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದಿರಿ. ನೀರು ಬೇಕಾದರೆ ಅವನು ಎರಡು ಸಲ ಬಾಗಿಲು ಬಡಿಯುತ್ತಿದ್ದ. ನಾನು ಬಾಗಿಲ ಕಿಂಡಿಯಲ್ಲಿ ಲೋಟ ಇಡುತ್ತಿದ್ದೆ. ಅವನಿಗೆ ಎದೆನೋವು ಬಂದ ದಿನ ಬಡಿತ ನಿಲ್ಲಲೇ ಇಲ್ಲ. ಕೀಲಿಗೆಂದು ನಿಮ್ಮ ಹತ್ತಿರ ಓಡಿಬಂದೆ. "ಪಿಕ್ಚರ್ ಮುಗೀಲಿ, ಆಮೇಲೆ ತೆಗೆಯೋಣ" ಅಂದಿರಿ. ತೆಗೆದಾಗ ಅವನ ಮೈ ತಣ್ಣಗಾಗಿತ್ತು.

ಈಗ ಹೊಸ ಮಷೀನು ತಾನೇ ಓಡುತ್ತದೆ. ಒಳಗೆ ಯಾರೂ ಇಲ್ಲ, ಬೀಗ ಮಾತ್ರ ಹಾಗೇ ಇದೆ. ಆದರೂ ದಿನಾ ಎರಡು ಸಲ ಬಡಿತ ಕೇಳುತ್ತದೆ. ಮನಸ್ಸು ತಡೆಯದೆ ಲೋಟ ಇಡುತ್ತೇನೆ, ಖಾಲಿಯಾಗುತ್ತದೆ.

ಇವತ್ತು ಬಡಿತ ನಿಂತೇ ಇಲ್ಲ. ನನ್ನನ್ನು ಕೆಲಸದಿಂದ ತೆಗೆದರೂ ಸರಿ, ಕೀಲಿ ಹಿಡಿದು ನೀವೇ ಮೇಲೆ ಬನ್ನಿ.

ಪಿಕ್ಚರ್ ಮುಗಿದಿದೆ.

ಇತಿ,
ಗೇಟಿನಲ್ಲಿ ಟಿಕೆಟ್ ಹರಿಯುವವಳು