ತಾಯಿ ಕೊಟ್ಟ ಸುಳಿವು

೧೯ ನವೆಂಬರ್ ೧೯೯೬, ಮಂಗಳವಾರ. ಹೊಸದುರ್ಗ.

ಬಂದ್ ಶಾಂತವಾಗಿ ಮುಗಿಯಿತು. ಬಸ್ಸಿಗೆ ಬೆಂಕಿ ಹಚ್ಚಲು ಸೀಮೆಎಣ್ಣೆ ಕೂಡಿಟ್ಟಿದ್ದ ಮೂವರನ್ನು ಪೊಲೀಸರು ನಸುಕಿನಲ್ಲೇ ಹಿಡಿದರು. ಅವರ ಸಂಚಿನ ಬಗ್ಗೆ ಗುಪ್ತವಾರ್ತೆ ವಿಭಾಗದಿಂದ ವರದಿ ಕಳಿಸಿದವನು ನಾನು. ನನಗೆ ಸುಳಿವು ಕೊಟ್ಟವಳು ಮೂವರಲ್ಲಿ ಒಬ್ಬನ ತಾಯಿ. "ಬಸ್ಸಾಗೆ ಜನ ಇರ್ತಾರೆ ಸಾರ್, ಹೆಂಗಾರ ಮಾಡಿ ತಡೀರಿ" ಎಂದು ಮೊನ್ನೆ ಅತ್ತಿದ್ದಳು.

ಸಂಜೆ ಆಕೆಯ ಹೋಟೆಲಿಗೆ ಹೋದೆ. ಟೀ ಕೊಡುತ್ತಾ ಮಗನ ಬಗ್ಗೆ ಮೆಲ್ಲಗೆ ಕೇಳಿದಳು.

"ಹೊಡುದ್ರಾ?"

"ಇಲ್ಲಕ್ಕ. ನಾಡಿದ್ದು ಬಿಡ್ತಾರೆ."

"ನಾನೇ ಹೇಳಿದ್ದು ಅಂತ ಅವ್ನಿಗೆ ಗೊತ್ತಾಗ್ತೈತಾ?"

"ಇಲ್ಲ. ಸಾಹೇಬ್ರು ಕೇಳಿದ್ರೂ ನಿಮ್ಮ ಹೆಸರು ಹೇಳಿಲ್ಲ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದಳು. ನಾನು ಟೀ ಲೋಟ ಕೆಳಗಿಟ್ಟು ಎದ್ದು ಬಂದೆ.

ಇಷ್ಟು ಬರೆದ ಮೇಲೆ ಹೊಳೆಯಿತು. ಇದನ್ನು ಓದಿದವರು ಯಾರಾದರೂ ಆಕೆಯನ್ನು ಗುರುತಿಸಬಲ್ಲರು. ಈ ಹಾಳೆಯನ್ನು ಈಗಲೇ ಹರಿದು ಸುಡಬೇಕು.